ಇಂಜಿನ್ ನಿಂತ ಮೇಲೆ

   

ಸತ್ಯವೇದ ತೆರೆಯೋಣ. ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ. 22ನೇ ವಚನಕ್ಕೂ 31ನೇ ವಚನಕ್ಕೂ ಒಂದೊಂದು ಬೆರಳಿಟ್ಟುಕೊಳ್ಳಿ. ಪೌಲನು ಕೈದಿಯಾಗಿ ರೋಮಾಪುರಕ್ಕೆ ಹೋಗುತ್ತಿದ್ದಾನೆ. ಹಡಗು ಬಿರುಗಾಳಿಗೆ ಸಿಕ್ಕಿದೆ. ಈ ಅಧ್ಯಾಯಕ್ಕೆ ಮತ್ತೆ ಮತ್ತೆ ಬರ್ತೀವಿ, ಮುಚ್ಚಬೇಡಿ.

ಒಂದು ಪ್ರಶ್ನೆ ಕೇಳ್ತೀನಿ. ನಮ್ಮ ಯೂತ್ ಗ್ರೂಪಲ್ಲಿ ಕೆಲವರು ಸ್ಕೈಡೈವಿಂಗ್ ಮಾಡಬೇಕು ಅಂತ ಪ್ಲಾನ್ ಹಾಕ್ತಿದ್ದೀರಿ, ನನಗೆ ಗೊತ್ತು. ಸರಿ, ಯೋಚನೆ ಮಾಡಿ. ವಿಮಾನ ಮೇಲೆ ಹೋಗ್ತಿದೆ. ಒಳಗಿರುವ ಎಲ್ಲರ ಬೆನ್ನ ಮೇಲೂ ಪ್ಯಾರಾಚೂಟ್ ಇದೆ. ಇದ್ದಕ್ಕಿದ್ದ ಹಾಗೆ ಇಂಜಿನ್ ನಿಂತುಹೋಯ್ತು. ಅವರಿಗೇನು ಭಯ? ಹೇಗಿದ್ರೂ ಜಿಗಿಯೋಕೇ ಹೋಗಿದ್ದು. ಬಾಗಿಲು ತೆಗೆದು ಜಿಗಿದರೆ ಆಯ್ತಲ್ಲ?

ಹೆಚ್ಚಿನವರು ಹಾಗೇ ಅಂದ್ಕೊಳ್ತಾರೆ. ಆದರೆ ವಿಷಯ ಹಾಗಿಲ್ಲ. ಪ್ಯಾರಾಚೂಟ್ ಬಿಚ್ಚಿ, ಗಾಳಿ ತುಂಬಿ, ಮನುಷ್ಯನನ್ನು ಹಿಡಿದು ನಿಲ್ಲಿಸೋಕೆ ಸಮಯ ಬೇಕು. ಆ ಸಮಯಕ್ಕೆ ಎತ್ತರ ಬೇಕು. ಇಬ್ಬರು ಒಟ್ಟಿಗೆ ಕಟ್ಟಿಕೊಂಡು ಜಿಗಿಯುವ ಟ್ಯಾಂಡೆಮ್ ಜಿಗಿತದಲ್ಲಿ ಸಾಮಾನ್ಯವಾಗಿ 5000 ಅಡಿ ಆಸುಪಾಸಿನಲ್ಲೇ ಪ್ಯಾರಾಚೂಟ್ ತೆರೆದುಬಿಡುತ್ತಾರೆ. ಟೇಕಾಫ್ ಆದ ಮೊದಲ 1000 ಅಡಿಯೊಳಗೆ ಇಂಜಿನ್ ನಿಂತರೆ, ಬಹಳಷ್ಟು ಕಡೆ ಕಲಿಸುವ ನಿಯಮ ಒಂದೇ: ಬೆಲ್ಟ್ ಬಿಚ್ಚಬೇಡ, ಹೆಲ್ಮೆಟ್ ತೆಗೆಯಬೇಡ, ವಿಮಾನದ ಜೊತೆಗೇ ಇಳಿ. ಬೆನ್ನ ಮೇಲೆ ಪ್ಯಾರಾಚೂಟ್ ಇದೆ, ಅದು ಒಳ್ಳೆಯದೇ, ಆದರೆ ಆ ನಿಮಿಷದಲ್ಲಿ ಅದು ಕೆಲಸಕ್ಕೆ ಬರಲ್ಲ.

ದೇವಜನರೇ, ನಾವೂ ಹೀಗೇ ಯೋಚಿಸ್ತೀವಿ. ನಾನು ದೀಕ್ಷಾಸ್ನಾನ ತಗೊಂಡಿದ್ದೀನಿ. ಅಭಿಷೇಕ ಹೊಂದಿದ್ದೀನಿ. ದಶಾಂಶ ಕೊಡ್ತೀನಿ. ಆದ್ದರಿಂದ ನನ್ನ ಇಂಜಿನ್ ನಿಲ್ಲಲ್ಲ. ಒಂದು ವೇಳೆ ನಿಂತರೂ ಮರುದಿನವೇ ಸಾಕ್ಷಿ ಹೇಳೋ ಹಾಗೆ ಪಾರಾಗಿಬಿಡ್ತೀನಿ. ಹೀಗೆ ಕಲಿಸುವವರೂ ಇದ್ದಾರೆ, ಅವರ ವಿಡಿಯೋ ನಮ್ಮ ಫೋನಿಗೂ ಬರುತ್ತೆ. ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಎಚ್‌ಆರ್‌ನಿಂದ ಹದಿನೈದು ನಿಮಿಷದ ಮೀಟಿಂಗ್ ಕರೆ ಬರುತ್ತೆ. ಲ್ಯಾಪ್‌ಟಾಪ್ ವಾಪಸ್ ಕೊಡಿ ಅಂತಾರೆ. ಆಗ ತಮ್ಮ ತಂಗಿಯರು ನನ್ನ ಹತ್ತಿರ ಬಂದು ಕೇಳೋ ಪ್ರಶ್ನೆ, "ಬ್ರದರ್, ನನ್ನ ನಂಬಿಕೆಯಲ್ಲಿ ಏನು ಕೊರತೆ ಇತ್ತು?"

22ನೇ ವಚನ ನೋಡಿ. ಬಿರುಗಾಳಿಯ ನಡುವೆ ನಿಂತು ಪೌಲನು ಹೇಳುವುದರ ಅರ್ಥ ಏನು? ನಿಮ್ಮಲ್ಲಿ ಒಬ್ಬರ ಪ್ರಾಣವೂ ಹೋಗುವುದಿಲ್ಲ, ಆದರೆ ಹಡಗು ಹೋಗುತ್ತದೆ. ದೇವದೂತನು ರಾತ್ರಿ ಪಕ್ಕದಲ್ಲಿ ನಿಂತು ತಂದ ಸಂದೇಶದಲ್ಲೂ ಹಡಗಿಗೆ ಗ್ಯಾರಂಟಿ ಇರಲಿಲ್ಲ. ದೇವರು ಜನರನ್ನು ಕೊಟ್ಟನು, ಹಡಗನ್ನು ಕೊಡಲಿಲ್ಲ. ನಾವು ತುಂಬಾ ಸಲ ದೇವರು ಮಾಡದ ವಾಗ್ದಾನವನ್ನು ಹಿಡಿದುಕೊಂಡು ದೇವರ ಮೇಲೆ ಬೇಸರ ಮಾಡಿಕೊಳ್ತೀವಿ. ಕೆಲಸ ಹಡಗು. ಪ್ಯಾಕೇಜ್ ಹಡಗು. ವೀಸಾ ಹಡಗು. ನೀನು ಹಡಗಲ್ಲ ತಮ್ಮಾ, ನೀನು ಹಡಗಿನಲ್ಲಿರುವ ಪ್ರಾಣ. ಆಮೆನ್ ಅನ್ನುವವರು ಅನ್ನಿ.

ಈಗ ಮೂರು ವಿಮಾನಗಳ ವಿಷಯ ಹೇಳ್ತೀನಿ. ನಾನು ಪೈಲಟ್ ಅಲ್ಲ. ಆದರೆ ಈ ಘಟನೆಗಳ ಬಗ್ಗೆ ಓದುತ್ತಾ ಹೋದಾಗ ಈ ಅಧ್ಯಾಯವೇ ನನ್ನ ಕಣ್ಣ ಮುಂದೆ ಬಂತು.

ಮೊದಲನೆಯದು ನ್ಯೂಜಿಲೆಂಡಿನಲ್ಲಿ. 2015ನೇ ಇಸವಿ ಜನವರಿ 7. ಟಾಪೊ ಎಂಬ ದೊಡ್ಡ ಸರೋವರದ ಮೇಲೆ ಸ್ಕೈಡೈವಿಂಗ್ ವಿಮಾನ ಏರುತ್ತಿತ್ತು. ಒಂದೇ ಇಂಜಿನ್ನಿನ ವಿಮಾನ. ಒಳಗೆ 13 ಜನ: ಒಬ್ಬ ಪೈಲಟ್, 6 ಪ್ಯಾರಾಚೂಟ್ ಸಿಬ್ಬಂದಿ, 6 ಪ್ರಯಾಣಿಕರು. ಸುಮಾರು 2000 ಅಡಿಯಲ್ಲಿ ಇಂಜಿನ್ ಕೈಕೊಟ್ಟಿತು. ಕೆಳಗೆ ನೀರು. 2000 ಅಡಿ ಅಂದರೆ ಟ್ಯಾಂಡೆಮ್ ಜಿಗಿತಕ್ಕೆ ಬಹಳ ಕಡಿಮೆ ಎತ್ತರ. ಆದರೂ ಸಾಕಷ್ಟಿತ್ತು. 13 ಜನರೂ ಜಿಗಿದರು, ಪೈಲಟ್ ಕೂಡ ತನ್ನ ತುರ್ತು ಪ್ಯಾರಾಚೂಟ್‌ನಿಂದ ಇಳಿದರು. 13 ಜನರೂ ಬದುಕಿದರು. ವಿಮಾನ ಸರೋವರಕ್ಕೆ ಬಿತ್ತು. ಹಡಗು ಹೋಯಿತು, ಪ್ರಾಣ ಉಳಿಯಿತು. ಹಲ್ಲೆಲೂಯ.

ಕೇಳೋಕೆ ಚೆನ್ನಾಗಿದೆ. ಇನ್ನೆರಡು ವಿಮಾನಗಳ ಕಥೆ ಇಷ್ಟು ಚೆನ್ನಾಗಿಲ್ಲ. ಅದನ್ನೂ ಹೇಳಲೇಬೇಕು, ಯಾಕಂದ್ರೆ ಇಲ್ಲಿ ಕೂತಿರುವ ಎಲ್ಲರೂ ಟಾಪೊ ವಿಮಾನದಲ್ಲಿಲ್ಲ. ಅದಕ್ಕೆ ಮುಂಚೆ, ಇಂಜಿನ್ ನಿಂತಾಗ ಪೈಲಟ್‌ಗಳಿಗೆ ಏನು ಮಾಡೋಕೆ ಕಲಿಸ್ತಾರೆ ಅನ್ನೋದನ್ನು ನೋಡೋಣ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದು: ಮೂತಿ ತಗ್ಗಿಸು.

ಇಂಜಿನ್ ನಿಂತ ತಕ್ಷಣ ಮನುಷ್ಯನ ಕೈ ತಾನಾಗಿ ವಿಮಾನದ ಮೂತಿಯನ್ನು ಮೇಲಕ್ಕೆ ಎಳೆಯೋಕೆ ನೋಡುತ್ತೆ. ಕೆಳಗೆ ಹೋಗ್ತಿದ್ದೀವಿ ಅನ್ನೋ ಭಯಕ್ಕೆ. ಆದರೆ ಹಾಗೆ ಮಾಡಿದ್ರೆ ವೇಗ ಬಿದ್ದುಹೋಗುತ್ತೆ. ರೆಕ್ಕೆಯ ಮೇಲೆ ಗಾಳಿ ಸರಿಯಾಗಿ ಹರಿಯಲ್ಲ. ವಿಮಾನ ತೇಲೋದು ಬಿಟ್ಟು ಕಲ್ಲಿನ ಹಾಗೆ ಬೀಳುತ್ತೆ. ಇದಕ್ಕೆ ಸ್ಟಾಲ್ ಅಂತಾರೆ. ಆದ್ದರಿಂದ ಪೈಲಟ್ ಮೊದಲು ಮಾಡಬೇಕಾದ್ದು, ಮೂತಿಯನ್ನು ಕೆಳಗೆ ಮಾಡಿ ವೇಗ ಉಳಿಸಿಕೊಳ್ಳೋದು. ವೇಗ ಇದ್ದರೆ ಇಂಜಿನ್ ಇಲ್ಲದೆಯೂ ವಿಮಾನ ತೇಲುತ್ತೆ. ಚಿಕ್ಕ ಸೆಸ್ನಾ ವಿಮಾನ 1000 ಅಡಿ ಎತ್ತರದಿಂದ ಸುಮಾರು ಎರಡೂವರೆ ಕಿಲೋಮೀಟರ್ ತೇಲಿಕೊಂಡು ಹೋಗಬಲ್ಲದು. ಇಂಜಿನ್ ನಿಂತಿದ್ದರೂ ವಿಮಾನ ಇನ್ನೂ ಹಾರುತ್ತಿದೆ.

ಕೆಲಸ ಹೋದಾಗ ನಾವು ಏನು ಮಾಡ್ತೀವಿ? ಮೂತಿ ಎತ್ತುತ್ತೀವಿ. ಊರಲ್ಲಿ ಅಪ್ಪ ಅಮ್ಮನಿಗೆ ಹೇಳಲ್ಲ. ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಪಿಜಿಯಿಂದ ಹೊರಟು, ಸಂಜೆ ತನಕ ಯಾವುದೋ ಕೆಫೆಯಲ್ಲಿ ಕೂತು, ಆಫೀಸಿಂದ ಬಂದವರ ಹಾಗೆ ವಾಪಸ್ ಬರ್ತೀವಿ. ಕಾರಿನ ಇಎಂಐ ಕಟ್ಟೋಕೆ ಸಾಲದ ಆ್ಯಪಿನಲ್ಲಿ ಸಾಲ ತಗೊಳ್ತೀವಿ, ಆ ಸಾಲ ತೀರಿಸೋಕೆ ಇನ್ನೊಂದು ಆ್ಯಪ್. ಸ್ಟೇಟಸ್‌ನಲ್ಲಿ ಮಾತ್ರ ಎಲ್ಲಾ ಸುಖ. ಎತ್ತರ ಕಳಕೊಂಡಿಲ್ಲ ಅಂತ ತೋರಿಸೋಕೆ ಹೋಗಿ ವೇಗ ಕಳಕೊಳ್ತೀವಿ.

ತಗ್ಗಿಸಿಕೋ. 1 ಪೇತ್ರನು 5ನೇ ಅಧ್ಯಾಯ 6ನೇ ವಚನ ಮನೆಗೆ ಹೋಗಿ ಓದಿ. ದೇವರ ಬಲವುಳ್ಳ ಕೈಯ ಕೆಳಗೆ ತಗ್ಗಿಸಿಕೊಂಡವರನ್ನು ತಕ್ಕ ಕಾಲದಲ್ಲಿ ಮೇಲಕ್ಕೆ ತರುವವನು ದೇವರೇ. ಚಿಕ್ಕ ಮನೆಗೆ ಹೋಗಬೇಕಾದ್ರೆ ಹೋಗು. ಕಡಿಮೆ ಸಂಬಳದ ಕೆಲಸ ಬಂದ್ರೆ ಪ್ರಾರ್ಥನೆ ಮಾಡಿ ಸೇರಿಕೋ. ಅಪ್ಪನಿಗೆ ಫೋನ್ ಮಾಡಿ "ಅಪ್ಪಾ, ಕೆಲಸ ಹೋಗಿದೆ" ಅಂತ ಹೇಳು. ನೀನು ಬೀಳ್ತಿಲ್ಲ ತಂಗೀ, ಇಳಿತಿದ್ದೀಯ. ಬೀಳೋದೇ ಬೇರೆ, ಇಳಿಯೋದೇ ಬೇರೆ.

ಎರಡು: ಹಿಂದಕ್ಕೆ ತಿರುಗಬೇಡ.

ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಇಂಜಿನ್ ನಿಂತರೆ, ಬಿಟ್ಟುಬಂದ ರನ್‌ವೇ ಹಿಂದೆಯೇ ಇರುತ್ತೆ. ಉದ್ದವಾದ, ಗಟ್ಟಿಯಾದ, ಗೊತ್ತಿರುವ ರನ್‌ವೇ. ಅಲ್ಲಿಗೇ ತಿರುಗೋಣ ಅಂತ ಮನಸ್ಸು ಎಳೆಯುತ್ತೆ. ಆದರೆ ತಿರುಗುವಾಗ ಎತ್ತರ ಬೇಗ ಖರ್ಚಾಗುತ್ತೆ, ಸ್ಟಾಲ್ ಆಗುವ ಅಪಾಯವೂ ಹೆಚ್ಚು. ಎಷ್ಟೋ ಪೈಲಟ್‌ಗಳು ಆ ತಿರುವಿನಲ್ಲೇ ಪ್ರಾಣ ಕಳೆದುಕೊಂಡಿದ್ದಾರೆ. ಅದಕ್ಕೆ ಕಡಿಮೆ ಎತ್ತರದಲ್ಲಿ ಕಲಿಸೋದು ಇಷ್ಟೇ: ಎದುರಿಗೆ ಕಾಣುವ ಜಾಗದಲ್ಲಿ ಒಳ್ಳೆಯದನ್ನು ಆರಿಸಿಕೋ. ಹೊಲ ಇರಲಿ, ರಸ್ತೆ ಇರಲಿ, ಅಲ್ಲಿಗೆ ಇಳಿ. ವಿಮಾನ ಜಖಂ ಆಗಬಹುದು. ಆಗಲಿ.

39ನೇ ವಚನ ನೋಡಿ. ಬೆಳಗಾದ ಮೇಲೆ ನಾವಿಕರಿಗೆ ಗುರುತು ಪರಿಚಯವಿಲ್ಲದ ದಡ ಕಂಡಿತು. ರೋಮಾಪುರ ಅಲ್ಲ. ಹೊರಟ ಬಂದರೂ ಅಲ್ಲ. ಮರಳಿನ ದಡವಿದ್ದ ಒಂದು ಕೊಲ್ಲಿ. ಹೆಸರೂ ಗೊತ್ತಿರಲಿಲ್ಲ, ಮೆಲಿತೆ ದ್ವೀಪ ಅಂತ ತಿಳಿದದ್ದು ಇಳಿದ ಮೇಲೆ. ಅವರು ಲಂಗರುಗಳನ್ನು ಕತ್ತರಿಸಿ ಸಮುದ್ರಕ್ಕೆ ಬಿಟ್ಟು, ಹಾಯಿ ಎತ್ತಿ, ನೇರವಾಗಿ ಆ ದಡಕ್ಕೆ ಹಡಗನ್ನು ನುಗ್ಗಿಸಿದರು. ಸತ್ಯವೇದದಲ್ಲಿ ಎಮರ್ಜೆನ್ಸಿ ಲ್ಯಾಂಡಿಂಗ್ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ, ಇದೇ ತೋರಿಸಿ.

ಲೋಟನ ಹೆಂಡತಿಯನ್ನು ಜ್ಞಾಪಕಮಾಡಿಕೊಳ್ಳಿರಿ ಅಂತ ಕರ್ತನು ಯಾಕೆ ಹೇಳಿದ್ದು? ಹಿಂದೆ ಇರುವುದು ಗೊತ್ತಿರುವುದು, ಅದಕ್ಕೇ ಅದು ಎಳೆಯುತ್ತೆ. ಕಷ್ಟ ಬಂದ ರಾತ್ರಿ ಹಳೇ ಗೆಳೆಯರ ನಂಬರ್ ನೆನಪಾಗುತ್ತೆ. ಬಿಟ್ಟ ಕುಡಿತ ನೆನಪಾಗುತ್ತೆ. ಮುಗಿದುಹೋದ ಸಂಬಂಧ ನೆನಪಾಗುತ್ತೆ. ಅದು ಸುರಕ್ಷಿತ ರನ್‌ವೇ ಹಾಗೆ ಕಾಣುತ್ತೆ. ಅಲ್ಲಿಗೆ ತಿರುಗೋಷ್ಟು ಎತ್ತರ ನಿನ್ನ ಹತ್ತಿರ ಇಲ್ಲ. ದೇವರು ನಿನ್ನ ಎದುರಿಗೆ ಯಾವ ದಡ ಇಟ್ಟಿದ್ದಾನೆ, ಅದನ್ನು ನೋಡು. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ಮೂರು: ತಪ್ಪು ಇಂಜಿನ್ ನಿಲ್ಲಿಸಬೇಡ.

ಈಗ ಎರಡನೇ ವಿಮಾನ. 1992ನೇ ಇಸವಿ ಏಪ್ರಿಲ್ 22. ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಪೆರಿಸ್ ವ್ಯಾಲಿ ಎಂಬ ಸ್ಥಳ, ಸ್ಕೈಡೈವಿಂಗಿಗೆ ಹೆಸರಾದ ಊರು. ಟ್ವಿನ್ ಆಟರ್ ಎಂಬ ಎರಡು ಇಂಜಿನ್ನಿನ ವಿಮಾನ 22 ಜನರೊಂದಿಗೆ ಹೊರಟಿತು. ತುಂಬಿದ್ದ ಇಂಧನ ಕಲುಷಿತವಾಗಿತ್ತು. ಟೇಕಾಫ್ ಆದ ಕೂಡಲೇ ಒಂದು ಇಂಜಿನ್ ಶಕ್ತಿ ಕಳೆದುಕೊಂಡಿತು.

ಇಂಥ ಸಮಯದಲ್ಲಿ ಕೆಟ್ಟುಹೋದ ಇಂಜಿನ್ನಿನ ಪ್ರೊಪೆಲ್ಲರ್ ಬ್ಲೇಡುಗಳನ್ನು ಗಾಳಿಗೆ ಅಂಚು ಮಾತ್ರ ತಾಗುವ ಹಾಗೆ ತಿರುಗಿಸಿಡುತ್ತಾರೆ. ಇಲ್ಲದಿದ್ದರೆ ಅದು ಗಾಳಿಗೆ ಅಡ್ಡ ನಿಂತ ಹಲಗೆಯ ಹಾಗೆ ವಿಮಾನವನ್ನು ಹಿಂದಕ್ಕೆ ಎಳೆಯುತ್ತೆ. ಉಳಿದ ಒಂದು ಇಂಜಿನ್ನಿನಲ್ಲಿ ವಿಮಾನ ಹಾರಬಹುದು. ಆದರೆ ಆ ಕೆಲವು ಸೆಕೆಂಡುಗಳ ಗಾಬರಿಯಲ್ಲಿ, ಕೆಟ್ಟ ಇಂಜಿನ್ನಿನ ಬದಲು ಸರಿಯಾಗಿ ಕೆಲಸ ಮಾಡುತ್ತಿದ್ದ ಇಂಜಿನ್ನಿನ ಪ್ರೊಪೆಲ್ಲರನ್ನು ಹಾಗೆ ತಿರುಗಿಸಲಾಯಿತು ಅಂತ ತನಿಖೆ ಹೇಳಿತು. ಆ ವಿಮಾನದಲ್ಲಿ ಪೈಲಟ್‌ಗೆ ಸಾಕಷ್ಟು ತರಬೇತಿ ಇರಲಿಲ್ಲ ಅಂತಲೂ ಹೇಳಿತು. 16 ಜನ ಸತ್ತರು. 6 ಜನ ಉಳಿದರು. ಪೈಲಟ್‌ಗಳೂ ಸತ್ತವರಲ್ಲಿದ್ದರು, ಅವರ ಮೇಲೆ ಕಲ್ಲು ಎಸೆಯೋಕೆ ನಾನಿಲ್ಲಿ ನಿಂತಿಲ್ಲ.

ಆದರೆ ಇದನ್ನು ಓದಿದಾಗ ನನಗೆ ನಮ್ಮ ಸಭೆಯ ಹುಡುಗ ಹುಡುಗಿಯರೇ ನೆನಪಿಗೆ ಬಂದರು. ಕೆಲಸದ ಇಂಜಿನ್ ಕೆಡುತ್ತೆ. ಮೊದಲು ಏನು ನಿಲ್ಲಿಸ್ತೀವಿ? ಭಾನುವಾರ ಬರೋದು ನಿಲ್ಲಿಸ್ತೀವಿ. ಎಲ್ಲರೂ ಕೇಳ್ತಾರೆ, ನಾಚಿಕೆ ಅಂತ. ಸೆಲ್ ಗ್ರೂಪ್ ವಾಟ್ಸಾಪಿನಿಂದ ಎಕ್ಸಿಟ್ ಆಗ್ತೀವಿ. ಬೆಳಗಿನ ಪ್ರಾರ್ಥನೆ ನಿಲ್ಲಿಸ್ತೀವಿ. ಊಟ ನಿದ್ದೆ ಬಿಡ್ತೀವಿ. ಅಂದರೆ ಕೆಟ್ಟಿರೋದು ಒಂದು ಇಂಜಿನ್, ಆರಿಸಿರೋದು ಇನ್ನೊಂದನ್ನು. ಆಮೇಲೆ ಎರಡೂ ಇಲ್ಲ.

ಪೌಲನನ್ನು ನೋಡಿ. ಹದಿನಾಲ್ಕನೇ ರಾತ್ರಿ ಕಳೆದಿದೆ. ಯಾರೂ ಸರಿಯಾಗಿ ಊಟ ಮಾಡಿಲ್ಲ. 35ನೇ ವಚನದಲ್ಲಿ ಅವನು ರೊಟ್ಟಿ ತೆಗೆದುಕೊಂಡು, ಎಲ್ಲರ ಎದುರಿಗೆ ದೇವರಿಗೆ ಸ್ತೋತ್ರ ಮಾಡಿ, ಮುರಿದು ತಿಂದನು. ಅವರಿಗೂ ಧೈರ್ಯ ಬಂತು, ಅವರೂ ತಿಂದರು. 276 ಜನ. ಹಡಗು ಒಡೆಯೋಕೆ ಇನ್ನು ಸ್ವಲ್ಪ ಹೊತ್ತು ಮಾತ್ರ ಇದೆ, ಈ ಮನುಷ್ಯ ಸ್ತೋತ್ರ ಮಾಡಿ ಊಟ ಮಾಡ್ತಿದ್ದಾನೆ! ಯಾವ ಇಂಜಿನ್ ಇನ್ನೂ ಕೆಲಸ ಮಾಡ್ತಿದೆ ಅಂತ ಅವನಿಗೆ ಗೊತ್ತಿತ್ತು.

ಇಂಧನದ ವಿಷಯಾನೂ ಬಿಡಬಾರದು. ವಿಮಾನ ಹೊರಡುವ ಮುಂಚೆ ಟ್ಯಾಂಕಿನಿಂದ ಸ್ವಲ್ಪ ಇಂಧನ ತೆಗೆದು, ನೀರು ಕೊಳೆ ಇದೆಯಾ ಅಂತ ನೋಡುವ ಪದ್ಧತಿ ಇದೆ. ಅಮೆರಿಕಾದ ಸಾರಿಗೆ ಸುರಕ್ಷತಾ ಮಂಡಳಿ 2008ರಲ್ಲಿ ಸ್ಕೈಡೈವಿಂಗ್ ವಿಮಾನಗಳ ಬಗ್ಗೆ ವಿಶೇಷ ವರದಿ ಹೊರಡಿಸಿತು. 1980ರಿಂದ ಅಲ್ಲಿಯವರೆಗೆ 32 ಅಪಘಾತಗಳಲ್ಲಿ 172 ಜನ ಸತ್ತಿದ್ದರು. ಪದೇ ಪದೇ ಕಂಡ ಕಾರಣಗಳಲ್ಲಿ ಸರಿಯಾಗಿ ತಪಾಸಣೆ, ನಿರ್ವಹಣೆ ಇಲ್ಲದ್ದು ಒಂದು. ಪೈಲಟ್‌ಗಳ ಮೂಲಭೂತ ಹಾರಾಟದ ಕೌಶಲದಲ್ಲಿನ ಕೊರತೆ ಇನ್ನೊಂದು. ಮೇಲೆ ಆದ ಎಷ್ಟೋ ದುರಂತಗಳು ನೆಲದ ಮೇಲೇ ಶುರುವಾಗಿದ್ದವು. 10 ಮತ್ತು 11ನೇ ವಚನದಲ್ಲೂ ಹಾಗೇ. ಪೌಲನು ಬಂದರಿನಲ್ಲೇ ಎಚ್ಚರಿಸಿದ್ದನು, ಶತಾಧಿಪತಿ ಕೇಳಲಿಲ್ಲ. ರಾತ್ರಿ ಎರಡು ಗಂಟೆ ತನಕ ಫೋನಿನಲ್ಲಿ ಏನು ತುಂಬಿಕೊಳ್ತಿದ್ದೀಯ? ಬಿರುಗಾಳಿಯ ದಿನ ಓಡಬೇಕಾದ್ದು ಅದೇ ಇಂಧನದ ಮೇಲೆ. ಇಷ್ಟು ಹೇಳಿ ಮುಂದಕ್ಕೆ ಹೋಗ್ತೀನಿ.

ನಾಲ್ಕು: ನಾಯಕನ ಮಾತು ಕೇಳು.

ಸ್ಕೈಡೈವಿಂಗ್ ವಿಮಾನದಲ್ಲಿ ಬಾಗಿಲು ಹೆಚ್ಚಾಗಿ ಹಿಂಭಾಗದಲ್ಲಿರುತ್ತೆ. ಗಾಬರಿಯಾಗಿ ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದರೆ ಬಾಲದ ಕಡೆ ಭಾರ ಜಾಸ್ತಿಯಾಗಿ, ಮೂತಿ ಎದ್ದು, ವಿಮಾನ ಸ್ಟಾಲ್ ಆಗಬಹುದು. ಪೈಲಟ್ ಕಾಪಾಡೋಕೆ ನೋಡ್ತಿರೋ ವಿಮಾನವನ್ನು ಒಳಗಿದ್ದವರೇ ಕೆಡವಿದ ಹಾಗಾಗುತ್ತೆ. ಅದಕ್ಕೇ ಕೂತಿರು ಅಂದರೆ ಕೂತಿರಬೇಕು. ಜಿಗಿ ಅಂದರೆ ಜಿಗಿಯಬೇಕು. ಟಾಪೊದಲ್ಲಿ ಜಿಗಿದದ್ದು ಸರಿ. 500 ಅಡಿಯಲ್ಲಿ ಅದೇ ಜಿಗಿತ ಸಾವು. ಯಾವಾಗ ಏನು ಅನ್ನೋದನ್ನು ಹೇಳಬೇಕಾದವರು ಎತ್ತರ ಗೊತ್ತಿರುವವರು.

30ನೇ ವಚನ. ನಾವಿಕರು ಲಂಗರು ಹಾಕುವ ನೆವದಿಂದ ಚಿಕ್ಕ ದೋಣಿ ಇಳಿಸಿ ತಪ್ಪಿಸಿಕೊಂಡು ಹೋಗೋಕೆ ನೋಡಿದರು. 31ರಲ್ಲಿ ಪೌಲನು ಶತಾಧಿಪತಿಗೆ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಉಳಿಯುವುದಿಲ್ಲ ಎಂದು ಹೇಳಿದನು. ಸೈನಿಕರು ದೋಣಿಯ ಹಗ್ಗ ಕತ್ತರಿಸಿಬಿಟ್ಟರು. ಆದರೆ 43ನೇ ವಚನಕ್ಕೆ ಬನ್ನಿ. ಹಡಗು ದಡಕ್ಕೆ ಕಚ್ಚಿ ಒಡೆಯುವಾಗ ಅದೇ ಶತಾಧಿಪತಿ, ಈಜು ಬಲ್ಲವರು ಮೊದಲು ಧುಮುಕಿರಿ ಅಂತ ಅಪ್ಪಣೆ ಕೊಟ್ಟನು. ರಾತ್ರಿ ಧುಮುಕುವುದು ತಪ್ಪಾಗಿತ್ತು, ಬೆಳಿಗ್ಗೆ ಧುಮುಕುವುದೇ ಸರಿ. ಅದೇ ಹಡಗು, ಅದೇ ಜನ, ಸಮಯ ಬೇರೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ, ದಯವಿಟ್ಟು ಕೇಳಿ. 31ನೇ ವಚನವನ್ನು ತೋರಿಸಿ ಯಾರನ್ನೂ ಕಟ್ಟಿಹಾಕಬೇಡಿ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಸಹೋದರಿಗೆ "ಹಡಗಲ್ಲೇ ಇರು" ಅಂತ ಹೇಳುವ ಅಧಿಕಾರ ಯಾರಿಗೂ ಇಲ್ಲ. ಮೈಗೆ ಕೈ ಹಾಕುವ ಬಾಸ್ ಇರುವ ಆಫೀಸಲ್ಲಿ ಸಹಿಸಿಕೊಂಡಿರು ಅಂತ ಹೇಳುವುದು ನಂಬಿಕೆಯಲ್ಲ. ಅಂಥವರಿಗೆ ಬೆಳಗಾಗಿದೆ, ಹಡಗು ಒಡೆಯುತ್ತಿದೆ, ಧುಮುಕುವ ಸಮಯ. ಹಲಗೆ ಹಿಡಿದು ದಡ ಸೇರೋಕೆ ಈ ಸಭೆ ನಿಮ್ಮ ಜೊತೆ ನಿಲ್ಲುತ್ತೆ. ಆರಾಧನೆ ಮುಗಿದ ಮೇಲೆ ಹಿರಿಯ ಸಹೋದರಿಯರ ಹತ್ತಿರ ಮಾತಾಡಿ.

ಈಗ ಮೂರನೇ ವಿಮಾನ. 2006ನೇ ಇಸವಿ ಜುಲೈ 29, ಅಮೆರಿಕಾದ ಮಿಸ್ಸೌರಿ ರಾಜ್ಯದ ಸಲಿವನ್ ಎಂಬ ಊರು. ಇದೂ ಟ್ವಿನ್ ಆಟರ್ ವಿಮಾನವೇ. ಒಳಗೆ 8 ಜನ. ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಬಲಗಡೆಯ ಇಂಜಿನ್ನಿನ ಟರ್ಬೈನ್ ಬ್ಲೇಡುಗಳು ಮುರಿದವು. ವಿಮಾನಕ್ಕೆ ಬೇಕಾದ ವೇಗ ಉಳಿಯಲಿಲ್ಲ. ಜಿಗಿಯೋಕೆ ಎತ್ತರ ಇರಲಿಲ್ಲ. ವಿಮಾನ ನೆಲಕ್ಕೆ ಅಪ್ಪಳಿಸಿತು. 6 ಜನ ಸತ್ತರು, ಇಬ್ಬರು ತೀವ್ರ ಗಾಯಗಳೊಂದಿಗೆ ಉಳಿದರು.

ಟಾಪೊದಲ್ಲಿ 13ಕ್ಕೆ 13. ಸಲಿವನ್‌ನಲ್ಲಿ 8ರಲ್ಲಿ 2. ಯಾಕೆ? ಟಾಪೊದವರ ನಂಬಿಕೆ ದೊಡ್ಡದಿತ್ತು ಅಂತ ಹೇಳೋಣವಾ? ನಾನು ಹೇಳಲ್ಲ. ಸತ್ಯವೇದವೂ ಹೇಳಲ್ಲ. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ನೋಡಿ. ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನು. ಅದೇ ಅಧ್ಯಾಯದಲ್ಲಿ ಪೇತ್ರನನ್ನು ದೇವದೂತನು ಸೆರೆಯಿಂದ ಬಿಡಿಸಿದನು. ಒಂದೇ ಸಭೆ, ಒಬ್ಬನೇ ಕರ್ತನು. ಯಾಕೋಬನಿಗೆ ಪೇತ್ರನಿಗಿಂತ ನಂಬಿಕೆ ಕಡಿಮೆ ಇತ್ತಾ? ಇಬ್ರಿಯರಿಗೆ 11ನೇ ಅಧ್ಯಾಯದಲ್ಲಿ ನಂಬಿಕೆಯಿಂದ ಕತ್ತಿಯ ಬಾಯಿಂದ ತಪ್ಪಿಸಿಕೊಂಡವರ ಮಾತಿದೆ, ಮೂರು ವಚನ ಕೆಳಗೆ ಕತ್ತಿಯಿಂದ ಹತರಾದವರ ಮಾತೂ ಇದೆ. ಇಬ್ಬರೂ ಒಂದೇ ಪಟ್ಟಿಯಲ್ಲಿದ್ದಾರೆ. ಈ ಸಭೆಯಲ್ಲಿ ಕೆಲವರ ಮನೆಯಲ್ಲಿ ಉಪವಾಸ ಪ್ರಾರ್ಥನೆ ಮಾಡಿಯೂ ಅಪ್ಪ ಉಳಿಯಲಿಲ್ಲ, ಮಗು ಉಳಿಯಲಿಲ್ಲ. ನಿಮ್ಮ ನಂಬಿಕೆ ಸಾಲದೆ ಹಾಗಾಯ್ತು ಅಂತ ಯಾರಾದ್ರೂ ಹೇಳಿದ್ದರೆ, ಆ ಮಾತನ್ನು ಇವತ್ತು ಇಲ್ಲೇ ಬಿಟ್ಟುಹೋಗಿ. ಅದು ನಮ್ಮ ಕರ್ತನ ಮಾತಲ್ಲ.

ಸಲಿವನ್ ವಿಮಾನದಲ್ಲಿ ಉಳಿದ ಇಬ್ಬರಲ್ಲಿ ಒಬ್ಬಳು ಆಸ್ಟ್ರೇಲಿಯಾದ ಯುವತಿ, ಸ್ಕೈಡೈವಿಂಗಿಗೆ ಹೊಸಬಳು. ಅವಳ ಬೋಧಕ 22 ವರ್ಷದ ಹುಡುಗ. ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು. ವಿಮಾನ ಕೆಳಗೆ ಬರ್ತಿರುವಾಗ ಅವನು ಕಿರುಚಲಿಲ್ಲ. ಅವಳಿಗೆ ಸಮಾಧಾನವಾಗಿ ಏನು ಮಾಡಬೇಕು ಅಂತ ಹೇಳಿದ. ತನ್ನ ಸರಂಜಾಮಿಗೆ ಅವಳನ್ನು ಕಟ್ಟಿಕೊಂಡ. ಪೆಟ್ಟು ಬೀಳುವಾಗ ನೀನು ನನ್ನ ಮೇಲಿರಬೇಕು, ಹೊಡೆತ ನನಗೆ ಬೀಳಲಿ ಅನ್ನೋ ಅರ್ಥದಲ್ಲಿ ಅವಳಿಗೆ ಹೇಳಿ, ತನ್ನ ದೇಹವನ್ನು ಅವಳ ಕೆಳಗೆ ಇಟ್ಟ. ಅವನು ಸತ್ತ. ಅವಳು ಬದುಕಿದಳು. ಅವನು ಏನು ಮಾಡಿದ ಅನ್ನೋದು ಲೋಕಕ್ಕೆ ಗೊತ್ತಾದದ್ದು ಅವಳು ಬದುಕಿ ಹೇಳಿದ್ದರಿಂದ.

ಆ ಹುಡುಗ ಯೇಸು ಅಲ್ಲ, ಗೊತ್ತು. ಅವನೂ ನಮ್ಮ ಹಾಗೆ ಮನುಷ್ಯ. ಅವನು ಅದೇ ವಿಮಾನದಲ್ಲಿದ್ದ, ಇಳಿದುಹೋಗುವ ದಾರಿ ಅವನಿಗೂ ಇರಲಿಲ್ಲ. ನಮ್ಮ ಕರ್ತನಿಗೆ ಈ ವಿಮಾನಕ್ಕೆ ಹತ್ತುವ ಅಗತ್ಯವೇ ಇರಲಿಲ್ಲ. ಪರಲೋಕದಲ್ಲಿದ್ದವನು ಬೀಳುತ್ತಿರುವ ನಮ್ಮ ವಿಮಾನಕ್ಕೆ ತಾನಾಗಿ ಬಂದನು. ಆ ಯುವತಿ ಬೋಧಕನಿಗೆ ಏನೂ ಕೆಡುಕು ಮಾಡಿರಲಿಲ್ಲ. ನಾವು ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗೋಸ್ಕರ ಸತ್ತನೆಂದು ರೋಮಾಪುರದವರಿಗೆ 5:8ರಲ್ಲಿ ಇದೆ. ಶಿಲುಬೆಯ ಮೇಲೆ ಆತನು ನಮ್ಮ ಕೆಳಗೆ ಬಂದನು. ನಮ್ಮ ಪಾಪದ ಪೆಟ್ಟು, ನಾವು ಅಪ್ಪಳಿಸಬೇಕಾಗಿದ್ದ ಪೆಟ್ಟು, ಆತನ ದೇಹದ ಮೇಲೆ ಬಿತ್ತು. ಯೆಶಾಯ 53. ಆ ಬೋಧಕನನ್ನು ಸಮಾಧಿ ಮಾಡಿದರು. ನಮ್ಮ ಕರ್ತನನ್ನೂ ಸಮಾಧಿಯಲ್ಲಿಟ್ಟರು, ಆದರೆ ಮೂರನೇ ದಿನ ಎದ್ದನು! ಹಲ್ಲೆಲೂಯ! ಆತನು ಇವತ್ತು ಜೀವಂತನಾಗಿ ನಿನ್ನ ಪಕ್ಕದಲ್ಲಿದ್ದಾನೆ.

ಹಾಗಾದರೆ ಇಂಜಿನ್ ನಿಂತ ದಿನ ನಿನಗೆ ಇರುವ ಭರವಸೆ ಏನು? ಹಡಗು ಉಳಿಯುತ್ತದೆ ಅಂತ ನಾನು ನಿನಗೆ ಪ್ರವಾದನೆ ಹೇಳಲಾರೆ. ಪೌಲನೂ ಹೇಳಲಿಲ್ಲ. ದೇಹದ ಪ್ರಾಣವೇ ಹೋದರೂ, ಯಾಕೋಬನಿಗೆ ಆದ ಹಾಗೆ, ನಿನ್ನನ್ನು ಕೈಬಿಡದವನು ಒಬ್ಬನಿದ್ದಾನೆ. ನೀನು ಆತನಿಗೆ ಕಟ್ಟಲ್ಪಟ್ಟಿದ್ದರೆ, ಕೊನೆಯ ಪೆಟ್ಟು ಈಗಾಗಲೇ ಆತನ ಮೇಲೆ ಬಿದ್ದಾಗಿದೆ. 23ನೇ ವಚನದಲ್ಲಿ ಪೌಲನಿಗೆ ಇದ್ದ ಧೈರ್ಯ ಎಲ್ಲಿಂದ ಬಂತು? ನಾನು ಯಾರವನು, ಯಾರನ್ನು ಸೇವಿಸುತ್ತೇನೆ ಅನ್ನೋದು ಅವನಿಗೆ ತಿಳಿದಿತ್ತು. ಹಡಗು ಯಾರದ್ದು ಅನ್ನೋದು ಮುಖ್ಯವಾಗಲಿಲ್ಲ. ತಾನು ಯಾರವನು ಅನ್ನೋದು ಮುಖ್ಯವಾಯಿತು.

44ನೇ ವಚನದಲ್ಲಿ ಕೆಲವರು ಈಜಿ, ಕೆಲವರು ಹಲಗೆ ಹಿಡಿದು, ಕೆಲವರು ಒಡೆದ ಹಡಗಿನ ತುಂಡುಗಳ ಮೇಲೆ ದಡ ಸೇರಿದರು. ಎಲ್ಲರೂ ಒದ್ದೆ. ಎಲ್ಲರೂ ನಡುಗುತ್ತಿದ್ದಾರೆ. ಆದರೆ 276 ಜನರಲ್ಲಿ ಒಬ್ಬರೂ ಕಡಿಮೆ ಇಲ್ಲ. ಈ ವಾರ ನಿಮ್ಮ ಪಕ್ಕದಲ್ಲಿ ಯಾರಾದರೂ ನೀರಲ್ಲಿ ಇದ್ದರೆ ಅವರಿಗೊಂದು ಹಲಗೆಯಾಗಿ. ಕೆಲಸ ಕಳೆದುಕೊಂಡವರ ರೆಸ್ಯೂಮೆಯನ್ನು ನಿಮ್ಮ ಆಫೀಸಲ್ಲಿ ಕೊಡಿ. ಒಂದು ತಿಂಗಳ ರೇಷನ್ ಹಾಕಿಸಿ. ಪಿಜಿ ಬಾಡಿಗೆ ಕಟ್ಟೋಕಾಗದ ತಮ್ಮನನ್ನು ನಿಮ್ಮ ರೂಮಲ್ಲಿ ಮಲಗಿಸಿಕೊಳ್ಳಿ. ಪ್ರಾರ್ಥನೆ ಮಾಡ್ತೀನಿ ಅಂತ ಹೇಳಿ ಹೋಗಿಬಿಡಬೇಡಿ, ಪ್ರಾರ್ಥನೆಯ ಜೊತೆ ಹಲಗೆಯನ್ನೂ ಕೊಡಿ.

ಎಲ್ಲರೂ ಕಣ್ಣು ಮುಚ್ಚೋಣ. ವಾದ್ಯದವರು ಮೆಲ್ಲಗೆ ನುಡಿಸಿ. ಇಂಜಿನ್ ನಿಂತಿದೆ, ಆದರೂ ಮೂತಿ ಮೇಲೆತ್ತಿಕೊಂಡು ಬಂದಿದ್ದೀನಿ ಅನ್ನುವವರು ಕೂತಲ್ಲೇ ಕೈ ಎತ್ತಿ. ಯಾರೂ ನೋಡ್ತಿಲ್ಲ. ಹಾಗೇ, ನಾನು ಇನ್ನೂ ಯೇಸುವಿಗೆ ಕಟ್ಟಲ್ಪಟ್ಟಿಲ್ಲ, ನನ್ನ ಬೆನ್ನ ಮೇಲಿರುವುದನ್ನೇ ನಂಬಿಕೊಂಡಿದ್ದೆ ಅನ್ನುವವರು ಮುಂದಕ್ಕೆ ಬನ್ನಿ. ಸಹೋದರರು, ಸಹೋದರಿಯರು ನಿಮಗಾಗಿ ಪ್ರಾರ್ಥಿಸುತ್ತಾರೆ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಹಡಗು ಕಳೆದುಕೊಂಡ ನಿನ್ನ ಮಕ್ಕಳನ್ನು ನೋಡು. ತಗ್ಗಿಸಿಕೊಳ್ಳುವ ಧೈರ್ಯ ಕೊಡು, ಹಿಂದಕ್ಕೆ ತಿರುಗದ ಮನಸ್ಸು ಕೊಡು. ಅವರ ಕಣ್ಣೆದುರಿಗೆ ಇಟ್ಟಿರುವ ದಡವನ್ನು ಕಾಣುವಂತೆ ಬೆಳಕು ಕೊಡು. ಕಳೆದುಕೊಂಡವರಿಗಾಗಿ ಅಳುವ ಮನೆಗಳಲ್ಲಿ ನೀನೇ ಕೂತು ಸಂತೈಸು. ನಮ್ಮ ಕೆಳಗೆ ಬಂದು ಪೆಟ್ಟು ಹೊತ್ತ, ಮೂರನೇ ದಿನ ಎದ್ದ, ನಿನ್ನ ಕುಮಾರನಾದ ಯೇಸು ಕ್ರಿಸ್ತನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್, ಆಮೆನ್.